ಒಂಬತ್ತು ತೂತಿನ ಮಾಸ್ಟ್ರು

ರಾಮಾಂಜಿನಪ್ಪ ಮಾಸ್ಟ್ರ ಕೈಗೆ ಯಾವ ಕಾಗದ ಕೊಟ್ಟರೂ ಅವರು ಅದನ್ನು ಮೊದಲು ಓದುತ್ತಿರಲಿಲ್ಲ, ಬೆಳಕಿಗೆ ಹಿಡಿಯುತ್ತಿದ್ದರು. ಮದುವೆಯ ಕರೆಯೋಲೆ, ಕರೆಂಟು ಬಿಲ್ಲು, ಔಷಧದ ಚೀಟಿ, ಯಾವುದಾದರೂ ಸರಿ. ಕಿಟಕಿಯ ಕಡೆ ತಿರುಗಿ, ಎರಡೂ ಕೈಯಲ್ಲಿ ಅಂಚು ಹಿಡಿದು, ಒಂದು ಕಣ್ಣು ಸಣ್ಣದು ಮಾಡಿ ನೋಡಿ, ಆಮೇಲೆ ಕನ್ನಡಕ ಏರಿಸಿ ಓದಲು ಶುರುಮಾಡುತ್ತಿದ್ದರು. ಒಂದು ದಿನ ಹೋಟೆಲಿನಿಂದ ತರಿಸಿದ ತೆಳ್ಳಗಿನ ದೋಸೆಯನ್ನೂ ಹಾಗೆ ಹಿಡಿದರು.

"ದೋಸೇಲಿ ಏನ್ ಹುಡುಕ್ತಿದೀರಾ ಮಾಸ್ಟ್ರೇ?" ಎಂದೆ.

"ತೂತು ಕಣಮ್ಮ. ತೂತು ಸರಿಯಾಗಿ ಬಿದ್ದಿದ್ರೆ ಹಿಟ್ಟು ಹುದುಗು ಬಂದಿದೆ ಅಂತ."

ಅವರು ನಮ್ಮ ದೊಡ್ಡಬಳ್ಳಾಪುರದ ಹಳೆಯ ಕಾರ್ಡ್ ಹೊಡೆಯುವವರು. ಮಗ್ಗಗಳಿಗೆ ಕಂಪ್ಯೂಟರ್ ಬರುವ ಮೊದಲು ಸೀರೆಯ ಒಂದೊಂದು ಹೂವೂ, ಒಂದೊಂದು ಎಲೆಯೂ ರಟ್ಟಿನ ಕಾರ್ಡುಗಳ ಮೇಲೆ ತೂತುಗಳಾಗಿ ಇರುತ್ತಿತ್ತು. ತೂತಿದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಒಬ್ಬರು ಗ್ರಾಫ್ ಹಾಳೆ ನೋಡಿ ಗಟ್ಟಿಯಾಗಿ ಓದುತ್ತಾ ಹೋಗಬೇಕು, ಇನ್ನೊಬ್ಬರು ತೂತು ಹೊಡೆಯಬೇಕು, ಕೊನೆಗೆ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಬೇಕು. ಒಂದು ತೂತು ತಪ್ಪಿದರೆ ಆರು ಗಜ ಉದ್ದಕ್ಕೂ ಅದೇ ತಪ್ಪು ಬರುತ್ತದೆ. ಮೂವತ್ತು ವರ್ಷ ಆ ಕೆಲಸ ಮಾಡಿದವರಿಗೆ ಪ್ರಪಂಚದ ಎಲ್ಲಾ ಕಾಗದವೂ ಕಾರ್ಡಿನಂತೆ ಕಂಡರೆ ಆಶ್ಚರ್ಯವೇನು?

ಈಗ ಅವರಿಲ್ಲ. ಇಂಥವರ ಬಗ್ಗೆ ಬರೆಯುವಾಗ ಎಲ್ಲರೂ ಅವರಿಂದ ತಾವು ಏನು ಪಡೆದೆವು ಎಂದು ಬರೆಯುತ್ತಾರೆ. ನಾನು ಅವರಿಂದ ಏನು ಕಿತ್ತುಕೊಂಡೆ ಎಂದು ಬರೆಯಬೇಕಾಗಿದೆ. ತಪ್ಪಿಸಿಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಜಾಣೆ, ಆದ್ದರಿಂದ ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ನಾನು ಬಿ.ಸಿ.ಎ. ಮುಗಿಸಿ ಆ ಡಿಸೈನ್ ಆಫೀಸಿಗೆ ಸೇರಿದಾಗ ಅವರಿಗೆ ಅರವತ್ತು ದಾಟಿತ್ತು. ಕೆಳಗೆ ಹನ್ನೆರಡು ಮಗ್ಗಗಳು, ಮೇಲೆ ನಮ್ಮ ಕೋಣೆ. ಮಗ್ಗಗಳು ಓಡುವಾಗ ಮೇಜಿನ ಮೇಲಿನ ನೀರಿನ ಲೋಟದಲ್ಲಿ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು. ಕೋಣೆಯ ಮೂಲೆಯಲ್ಲಿ ಮಗ್ಗಗಳ ಯಜಮಾನರ ಅಳಿಯ ಕೂರಿಸಿಹೋದ ಒಂದು ಲಿನಕ್ಸ್ ಯಂತ್ರ. ಡಿಸೈನುಗಳೆಲ್ಲ ಅದರೊಳಗಿದ್ದವು. ಕೆಳಗಿನ ಮಗ್ಗದ ಕಂಪ್ಯೂಟರುಗಳು ಅದರಿಂದಲೇ ಫೈಲು ತೆಗೆದುಕೊಳ್ಳಬೇಕು. ಯಾವ ಫೈಲನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂದು ನೋಡಿಕೊಳ್ಳುವ ಕೆಲಸ ಮಾಸ್ಟ್ರದು. ಅವರಿಗೆ ಸಹಾಯಕ್ಕೆ ನಾನು.

ಇಂಗ್ಲಿಷ್ ಅಕ್ಷರ ಕೂಡಿಸಿ ಓದುವ ಈ ಮುದುಕರಿಗೆ ಫೈಲ್ ಪರ್ಮಿಷನ್ ಹೇಗೆ ಅರ್ಥಮಾಡಿಸುವುದಪ್ಪಾ ಎಂದು ಮೊದಲ ದಿನ ನನಗೆ ಒಳಗೊಳಗೇ ನಗು. ಫೈಲುಗಳ ಪಟ್ಟಿಯನ್ನು ಪ್ರಿಂಟ್ ತೆಗೆದುಕೊಟ್ಟೆ. ಒಂದೊಂದು ಫೈಲಿನ ಮುಂದೆಯೂ ಒಂಬತ್ತು ಜಾಗ. ಮೊದಲ ಮೂರು ಫೈಲಿನ ಒಡೆಯನಿಗೆ, ನಡುವಿನ ಮೂರು ಅವನ ಗುಂಪಿನವರಿಗೆ, ಕೊನೆಯ ಮೂರು ಮಿಕ್ಕವರಿಗೆ. ಪ್ರತಿ ಮೂರರಲ್ಲೂ ಓದಲು ಒಂದು, ತಿದ್ದಲು ಒಂದು, ಓಡಿಸಲು ಒಂದು. ಅನುಮತಿ ಇದ್ದರೆ ಅಲ್ಲಿ ಅಕ್ಷರ ಇರುತ್ತದೆ, ಇಲ್ಲದಿದ್ದರೆ ಅಡ್ಡಗೆರೆ. ಇಷ್ಟನ್ನು ವಿವರಿಸಲು ನಾನು ಅರ್ಧ ಗಂಟೆ ತಯಾರಿ ಮಾಡಿಕೊಂಡು ಬಂದಿದ್ದೆ. ಅವರು ಹಾಳೆಯನ್ನು ಕಿಟಕಿಗೆ ಹಿಡಿದು, ಬೆರಳು ಸರಿಸುತ್ತಾ, "ಒಕಟಿ, ರೆಂಡು, ಮೂಡು" ಎಂದು ಎಣಿಸಿದರು. ಮಾತೆಲ್ಲ ಕನ್ನಡವಾದರೂ ಎಣಿಕೆ ಮಾತ್ರ ಅವರಿಗೆ ತಾಯಿಯ ತೆಲುಗಿನಲ್ಲೇ ಬರಬೇಕು.

"ಒಂಬತ್ತು ತೂತಿನ ಕಾರ್ಡು ಇದು," ಎಂದರು. "ಅಕ್ಷರ ಇದ್ರೆ ಹೊಡೆದಿದೆ, ಗೆರೆ ಇದ್ರೆ ಮುಚ್ಚಿದೆ. ಇಷ್ಟೇ ತಾನೇ? ನಾನು ನಾನೂರು ತೂತಿನ ಕಾರ್ಡು ನೋಡ್ದೋನು ಕಣಮ್ಮ ಚೈತ್ರ."

ಅಂದಿನಿಂದ ಅವರು ನನಗೆ ಒಂಬತ್ತು ತೂತಿನ ಮಾಸ್ಟ್ರು. ಅವರ ಮುಂದೆಯೇ ಹಾಗೆ ಕರೆಯುತ್ತಿದ್ದೆ, ಅವರೂ ನಗುತ್ತಿದ್ದರು.

ಈ ಕೆಲಸಕ್ಕೆ ಪೈಥಾನಿನಲ್ಲಿ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆಯುತ್ತೇನೆ ಎಂದಾಗ ಅವರು ಒಂದು ಷರತ್ತು ಹಾಕಿದರು. ನೋಡುವುದಕ್ಕೆ ಒಂದು, ಬದಲಿಸುವುದಕ್ಕೆ ಇನ್ನೊಂದು, ಎರಡೂ ಬೇರೆ ಬೇರೆ ಇರಬೇಕು. ಇಪ್ಪತ್ತು ಸಾಲಿನಲ್ಲಿ ಎರಡನ್ನೂ ಒಟ್ಟಿಗೆ ಮಾಡಬಹುದು ಎಂದು ನಾನು ವಾದಿಸಿದೆ. ಅವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಓದೋನು ಬೇರೆ, ಹೊಡೆಯೋನು ಬೇರೆ ಇರ್ಬೇಕಮ್ಮ. ಹೊಡೆದೋನಿಗೆ ತಾನು ಹೊಡೆದದ್ದೆಲ್ಲ ಸರಿಯಾಗೇ ಕಾಣುತ್ತೆ."

ಹಾಗೆ ಎರಡು ಸ್ಕ್ರಿಪ್ಟುಗಳಾದವು. ಅವರು ಒಂದಕ್ಕೆ 'ನೋಡೋನು' ಎಂದೂ ಇನ್ನೊಂದಕ್ಕೆ 'ಮಾಡೋನು' ಎಂದೂ ಹೆಸರಿಟ್ಟರು. ನೋಡೋನು ಎಲ್ಲಾ ಫೋಲ್ಡರುಗಳನ್ನು ಸುತ್ತಿ, ಪ್ರತಿ ಫೈಲಿನ ಒಂಬತ್ತು ಜಾಗವನ್ನು ನಮ್ಮ ಪಟ್ಟಿಯ ಜೊತೆ ಹೋಲಿಸಿ, ಪಕ್ಕದಲ್ಲಿ 'ಸರಿ' ಅಥವಾ 'ತಪ್ಪು' ಎಂದು ಬರೆಯುತ್ತಿತ್ತು. ಮಾಡೋನು ನಾವು ಹೇಳಿದ ಅನುಮತಿಯನ್ನು ಹಾಕಿ, ಏನು ಬದಲಿಸಿದೆ ಎಂದು ಲಾಗ್ ಫೈಲಿನಲ್ಲಿ ಒಂದೊಂದು ಸಾಲು ಬರೆದಿಡುತ್ತಿತ್ತು. ಆ ಲಾಗ್ ಬರೆಸಿದವರೂ ಮಾಸ್ಟ್ರೇ. ಮಾಡೋನಿಗೆ ಪ್ರತಿ ಮೂರು ಜಾಗವನ್ನೂ ಒಂದೊಂದು ಅಂಕಿಯಾಗಿ ಕೊಡಬೇಕಿತ್ತು. ಅದನ್ನು ಓಡಿಸುವಾಗ ಅವರು ಅಂಕಿಗಳನ್ನು ಓದಬೇಕು, ನಾನು ಟೈಪ್ ಮಾಡಬೇಕು. ಒಬ್ಬರೇ ಎಂದೂ ಓಡಿಸಬಾರದು.

ನೋಡೋನನ್ನು ಮೊದಲ ಸಲ ಓಡಿಸಿದ ದಿನ ಪರದೆಯ ತುಂಬ 'ಸರಿ, ಸರಿ, ಸರಿ' ಎಂದು ಬಂತು. ನಾನು ಬೀಗುತ್ತಾ ಕೂತಿದ್ದೆ. ಮಾಸ್ಟ್ರು ತಮ್ಮ ಕುರ್ಚಿಗೆ ಹೋಗಿ ಬೇಕೆಂದೇ ಒಂದು ಫೈಲಿನ ಅನುಮತಿ ಕೆಡಿಸಿ, "ಈಗ ಓಡಿಸು," ಎಂದರು. ಮತ್ತೆ ಎಲ್ಲವೂ 'ಸರಿ' ಎಂದೇ ಬಂತು. ನಾನು ಹೋಲಿಸುವ ಸಾಲನ್ನೇ ತಪ್ಪಾಗಿ ಬರೆದಿದ್ದೆ.

"ಎಲ್ಲಾ ಸರಿ ಅಂತ ಬಂದ್ರೆ ಮೊದ್ಲು ನೋಡೋನ ಮೇಲೇ ಅನುಮಾನ ಪಡ್ಬೇಕು ಗೊತ್ತಾಯ್ತಾ?" ಎಂದರು. ಮುಖದಲ್ಲಿ ಕೋಪವಿರಲಿಲ್ಲ, ಒಂಥರಾ ಖುಷಿಯಿತ್ತು. ಯಂತ್ರವನ್ನು ಅಷ್ಟು ಅನುಮಾನದಿಂದ ನೋಡುತ್ತಿದ್ದ ಆ ಮನುಷ್ಯ ನನ್ನನ್ನು ಒಂದು ದಿನವೂ ಹಾಗೆ ಪರೀಕ್ಷಿಸಲಿಲ್ಲ.

ಎಲ್ಲರಿಗೂ ಎಲ್ಲವನ್ನೂ ತೆರೆದಿಡುವ ಅಂಕಿ ಏಳು-ಏಳು-ಏಳು. ಅದನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಅದು ಛತ್ರ ಕಣಮ್ಮ. ಯಾರ್ ಬೇಕಾದ್ರೂ ಬರ್ಬಹುದು, ಗೋಡೆಗೆ ಮೊಳೆ ಹೊಡೀಬಹುದು, ಹೋಗೋವಾಗ ಬಾಗಿಲು ಕಿತ್ಕೊಂಡೂ ಹೋಗ್ಬಹುದು," ಎನ್ನುತ್ತಿದ್ದರು.

ಆ ಯಂತ್ರದಲ್ಲಿ ಸಾವಿರಾರು ಡಿಸೈನುಗಳಿದ್ದರೂ ಅವರ ಜೀವ ಇದ್ದದ್ದು ಒಂದರಲ್ಲಿ. ಅದು ರಾಗಿ ತೆನೆಯ ಅಂಚು. ಇಪ್ಪತ್ತೆರಡರ ವಯಸ್ಸಿನಲ್ಲಿ ತಮ್ಮ ಹೊಲದ ತೆನೆಯನ್ನೇ ಮುಂದಿಟ್ಟುಕೊಂಡು ಬರೆದದ್ದಂತೆ. ಬಾಗಿದ ಐದು ಬೆರಳಿನ ತೆನೆ, ಬೆರಳಿನ ತುಂಬ ಕಾಳು, ಒಂದೊಂದು ಕಾಳಿಗೂ ಒಂದೊಂದು ಚುಕ್ಕೆ. ಕಂಪ್ಯೂಟರ್ ಬಂದಾಗ ಅದರ ಕಾರ್ಡುಗಳನ್ನು ಬೆಳಕಿಗೆ ಹಿಡಿದು, ಚುಕ್ಕೆ ಚುಕ್ಕೆಯಾಗಿ ನಾಲ್ಕು ತಿಂಗಳು ಕೂತು ಫೈಲಿಗೆ ಏರಿಸಿದರು. ಏರಿಸಿದ ಮೇಲೆ ಇನ್ನೇಕೆ ಎಂದು ಕಾರ್ಡುಗಳನ್ನು ನೀರೊಲೆಗೆ ಹಾಕಿದರು. ಆ ಫೈಲಿಗೆ ಮಾಸ್ಟ್ರೊಬ್ಬರನ್ನು ಬಿಟ್ಟು ಯಾರಿಗೂ ತಿದ್ದುವ ಅನುಮತಿಯಿರಲಿಲ್ಲ, ನನಗೂ ಓದಲು ಮಾತ್ರ.

ಆ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ವಾರ ಇರುವಾಗ ಮೊಮ್ಮಗನ ಮುಡಿ ತೆಗೆಸಲು ಮಾಸ್ಟ್ರು ಮನೆಮಂದಿಯನ್ನೆಲ್ಲ ಕರೆದುಕೊಂಡು ಘಾಟಿಯ ದೇವಸ್ಥಾನಕ್ಕೆ ಹೋದರು. ಒಂದೇ ದಿನದ ರಜೆ. ಹಿಂದಿನ ಸಂಜೆ ಹೊರಡುವ ಮುನ್ನ ರಾಗಿ ತೆನೆಯ ಫೈಲಿನಲ್ಲಿ ಒಂದು ಚುಕ್ಕೆ ತಿದ್ದಿ, ಬೇರೆ ಯಾರೂ ತಿದ್ದದಂತೆ ತಾವೇ ಮತ್ತೆ ಬೀಗ ಹಾಕಿದರು. ಆ ಫೈಲಿನ ಮುಂದಿನ ಒಂಬತ್ತು ಜಾಗಗಳನ್ನು ತೆಲುಗಿನಲ್ಲಿ ಎಣಿಸಿದ್ದನ್ನು ನಾನು ಕೇಳಿದ್ದೇನೆ. "ಯಂತ್ರದ ಪಾಸ್‌ವರ್ಡ್ ನಿನ್ ಹತ್ರಾನೂ ಇರ್ಲಿ, ಏನಾದ್ರೂ ಬಂದ್ರೆ ಫೋನ್ ಮಾಡಮ್ಮ," ಎಂದು ಚೀಟಿಯಲ್ಲಿ ಬರೆದುಕೊಟ್ಟು ಹೋದರು.

ಮರುದಿನ ಹನ್ನೊಂದಕ್ಕೆಲ್ಲ ಕೆಳಗಿನಿಂದ ಗಲಾಟೆ. ಹೊಸದಾಗಿ ಹಾಕಿದ್ದ ಡಿಸೈನುಗಳು ಮಗ್ಗದ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ, ನಾಲ್ಕು ಮಗ್ಗ ನಿಂತಿವೆ. ಯಜಮಾನರೇ ಮೆಟ್ಟಿಲು ಹತ್ತಿ ಬಂದು, "ಏನಮ್ಮಾ, ಹಬ್ಬ ಮುಗಿದ್ಮೇಲೆ ಕೊಡ್ತೀಯಾ ಫೈಲು?" ಎಂದರು. ಮಾಸ್ಟ್ರಿಗೆ ಫೋನು ಮಾಡಿದೆ, ಸಿಗ್ನಲ್ ಸಿಗಲಿಲ್ಲ. ಯಾವ ಫೋಲ್ಡರಿನ ಬಾಗಿಲು ಮುಚ್ಚಿದೆ ಎಂದು ನೋಡೋನನ್ನು ಓಡಿಸಿ ಹುಡುಕಿದ್ದರೆ ಹದಿನೈದು ನಿಮಿಷದ ಕೆಲಸ. ಯಜಮಾನರು ಬೆನ್ನ ಹಿಂದೆ ನಿಂತಿದ್ದರು. ನನಗೆ ಅವರ ಮುಂದೆ ಚುರುಕು ಎನಿಸಿಕೊಳ್ಳಬೇಕಿತ್ತು. ಚೀಟಿ ನೋಡಿ ಪಾಸ್‌ವರ್ಡ್ ಹಾಕಿ, ಮಾಡೋನನ್ನು ಒಬ್ಬಳೇ ಓಡಿಸಿ, ಇಡೀ ಡಿಸೈನ್ ಫೋಲ್ಡರಿಗೆ ಏಳು-ಏಳು-ಏಳು ಹಾಕಿಬಿಟ್ಟೆ. ಮಗ್ಗಗಳು ಹೊರಟವು. ಲೋಟದ ನೀರಿನಲ್ಲಿ ಉಂಗುರ ಎದ್ದವು. "ಪರ್ವಾಗಿಲ್ವೇ, ಹುಡುಗಿ ಚುರುಕಿದ್ದಾಳೆ," ಎಂದು ಯಜಮಾನರು ಇಳಿದುಹೋದರು.

ಊಟವಾದ ಮೇಲೆ ಮೊದಲಿನಂತೆ ಮಾಡೋಣ ಎಂದುಕೊಂಡೆ. ಊಟವಾದ ಮೇಲೆ ಸಂಜೆ ಮಾಡೋಣ ಎನಿಸಿತು. ಸಂಜೆ ಮನೆಗೆ ಹೋದೆ. ಮರೆತೆ ಎಂದು ಹೇಳಿಕೊಳ್ಳಬಹುದು, ಆದರೆ ಮರೆತಿರಲಿಲ್ಲ, ಉದಾಸೀನ ಮಾಡಿದೆ.

ಕೆಳಗೆ ಸೂಪರ್‌ವೈಸರ್ ಮುನಿರಾಜು ಎಂಬವರಿದ್ದರು, ಒಳ್ಳೆಯ ಕೆಲಸಗಾರ. ಮೂಲ ಫೈಲನ್ನು ತೆರೆದು, ತಮಗೆ ಬೇಕಾದಂತೆ ಮಾಡಿಕೊಂಡು, ಮೊದಲು ಸೇವ್ ಒತ್ತುವುದು ಅವರ ರೂಢಿ. ಅನುಮತಿಯಿಲ್ಲ ಎಂದು ಯಂತ್ರ ಬಯ್ಯುತ್ತಿತ್ತು, ಆಗ ಬೇರೆ ಹೆಸರು ಕೊಟ್ಟು ತಮ್ಮ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಬೀಗ ಇದ್ದೇ ಇರುತ್ತದೆ ಎಂಬ ಧೈರ್ಯದಲ್ಲಿ ಬೆಳೆದ ರೂಢಿ ಅದು. ಆ ಮಧ್ಯಾಹ್ನ ಸಣ್ಣ ಅಂಚಿನ ಸೀರೆಗೆಂದು ರಾಗಿ ತೆನೆಯನ್ನು ಅರ್ಧಕ್ಕೆ ಕುಗ್ಗಿಸಿ ಸೇವ್ ಒತ್ತಿದರು. ಯಂತ್ರ ಬಯ್ಯಲಿಲ್ಲ. ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ಇನ್ನೊಂದು ಡಿಸ್ಕಿಗೆ ನಕಲು ಹೋಗುವಾಗ ಆ ಕುಗ್ಗಿದ ತೆನೆಯೇ ಹಳೆಯ ನಕಲಿನ ಮೇಲೂ ಹೋಗಿ ಕೂತಿತು.

ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಮರುದಿನ ಮಾಸ್ಟ್ರು ಬರುವುದಕ್ಕೆ ಅರ್ಧ ಗಂಟೆ ಮುಂಚೆ ಬಂದು, ನಮ್ಮ ಪಟ್ಟಿ ಹಿಡಿದು ಎಲ್ಲಾ ಅನುಮತಿಗಳನ್ನೂ ಮೊದಲಿನಂತೆ ಮಾಡಿದೆ. ಲಾಗ್ ಫೈಲಿನಿಂದ ಆ ಎರಡು ದಿನದ ಸಾಲುಗಳನ್ನು ಅಳಿಸಿದೆ. ಛತ್ರ ಮಾಡಿದ್ದಕ್ಕೆ ಬಯ್ಯಿಸಿಕೊಳ್ಳಬೇಕಲ್ಲ ಎಂಬ ಭಯ, ಅಷ್ಟೇ. ಮಾಸ್ಟ್ರು ಬಂದು ಘಾಟಿಯ ಪ್ರಸಾದ ಕೊಟ್ಟರು. ಎರಡು ಸಲ ಕೇಳಿ ಹಾಕಿಸಿಕೊಂಡು ತಿಂದೆ.

ಮೂರನೇ ದಿನ ಮಗ್ಗದಿಂದ ಇಳಿದ ಸೀರೆಗಳನ್ನು ಯಜಮಾನರು ಮೇಜಿನ ಮೇಲೆ ಹರಡಿದರು. ದೊಡ್ಡ ಅಂಚಿನ ಆರು ಸೀರೆ. ಕುಗ್ಗಿಸಿದ್ದನ್ನು ಮಗ್ಗ ಮತ್ತೆ ಹಿಗ್ಗಿಸಿ ನೇಯ್ದಿತ್ತು. ಅಂಚಿನಲ್ಲಿ ತೆನೆಗಳಿದ್ದವು, ತೆನೆಯಲ್ಲಿ ಕಾಳಿರಲಿಲ್ಲ. ಮಾಸ್ಟ್ರು ಸೆರಗನ್ನು ಎತ್ತಿ ಕಿಟಕಿಗೆ ಹಿಡಿದರು, ಬಹಳ ಹೊತ್ತು ಇಳಿಸಲೇ ಇಲ್ಲ.

ಮುನಿರಾಜು ಅಡಗಿಸಲಿಲ್ಲ. "ಸೇವ್ ಒತ್ತಿದ್ದು ನಾನೇ ಸರ್. ದಿನಾ ಒತ್ತಿದ್ರೆ ಬೇಡ ಅನ್ನೋದು. ಅವತ್ತು ಅನ್ಲಿಲ್ಲ. ಬೀಗ ಇರ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಿ?"

ಎಲ್ಲರೂ ಮಾಸ್ಟ್ರ ಕಡೆ ನೋಡಿದರು. ಅವರು, "ಹಿಂದಿನ್ ದಿನ ಸಂಜೆ ನಾನೇ ಹಾಕಿದ್ನಲ್ಲ," ಎಂದು ಹೇಳಿ, ನನ್ನ ಕಡೆ ತಿರುಗಿ, "ಘಾಟಿಯಿಂದ ಬಂದ ಬೆಳಿಗ್ಗೆ ಪಟ್ಟಿ ಪೂರ್ತಿ ಸರಿ ಇತ್ತಲ್ಲಮ್ಮ?" ಎಂದು ಕೇಳಿದರು.

ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಯಾರಿಗೂ ಸಿಗುವುದಿಲ್ಲ. ನಾನು ಹೇಳಿದ್ದು ಇದು: "ಬೆಳಿಗ್ಗೆ ಬಂದಾಗ ಅದೊಂದೇ ತಪ್ಪು ತೋರಿಸ್ತಿತ್ತು ಮಾಸ್ಟ್ರೇ. ಮಾಡೋನನ್ನ ಮುಟ್ದೆ ನಾನೇ ಕೈಯಿಂದ ಸರಿಮಾಡ್ದೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ಅದೊಂದೇ ಎಂದೆ. ಆ ಫೈಲನ್ನು ಹಿಂದಿನ ಸಂಜೆ ತೆರೆದಿದ್ದವರು ಅವರೊಬ್ಬರೇ. ನನಗೆ ಅದು ಗೊತ್ತಿದ್ದೇ ನಾಲಿಗೆ ಆ ಪದವನ್ನು ಆರಿಸಿಕೊಂಡಿತು.

ಅವರು ಸೆರಗನ್ನು ಮಡಿಸಿ ಮೇಜಿನ ಮೇಲಿಟ್ಟರು. "ಹಾಕಿದ್ದು ಕಣ್ಣಿಗ್ ಕಟ್ಟಿದಂಗಿದೆ," ಎಂದರು. ಮಡಿಸಿದ್ದನ್ನು ಮತ್ತೆ ಬಿಚ್ಚಿ, "ಹಾಕಿದ್ನಾ?" ಎಂದು ತಮ್ಮನ್ನೇ ಕೇಳಿಕೊಂಡರು.

ಯಜಮಾನರು ಬಯ್ಯಲಿಲ್ಲ. ವಯಸ್ಸಾಯಿತು ಬಿಡಿ ಮಾಸ್ಟ್ರೇ ಎಂದರು, ಅದು ಬಯ್ಗುಳಕ್ಕಿಂತ ಕಡೆ. ಹಳೆಯ ಸೀರೆಯೊಂದನ್ನು ಇಟ್ಟುಕೊಂಡು ಅಂಚನ್ನು ಮತ್ತೆ ಚುಕ್ಕೆ ಚುಕ್ಕೆಯಾಗಿ ಏರಿಸಿಕೊಡಿ ಎಂದರು. ಮಾಸ್ಟ್ರ ಹೆಂಡತಿ ಜಯಮ್ಮನವರ ಹತ್ತಿರ ರಾಗಿ ತೆನೆ ಅಂಚಿನ ಸೀರೆಯಿತ್ತು. ಅದನ್ನು ತಂದು ಭೂತಗನ್ನಡಿ ಹಿಡಿದು ಕೂತರು. ಒಂದು ತೆನೆಯ ಕಾಳುಗಳನ್ನು ಎಣಿಸಿದರು. ಇನ್ನೊಮ್ಮೆ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಮೂರು ಸಲವೂ ಲೆಕ್ಕ ಬೇರೆ ಬಂತಂತೆ. ಬಂದಿರಲಿಕ್ಕಿಲ್ಲ, ಒಂದೇ ಬಂದಿದ್ದರೂ ಅವರು ಅದನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ. ಸಂಜೆ ಷಟರ್ ಎಳೆದು ಬಸ್‌ಸ್ಟ್ಯಾಂಡಿನ ತನಕ ಹೋದವರು ವಾಪಸ್ ಬಂದು ಬೀಗ ಜಗ್ಗಿ ನೋಡುತ್ತಿದ್ದರು. ಮತ್ತೆ ಹೋಗಿ ಮತ್ತೆ ಬರುತ್ತಿದ್ದರು. ಮೂರನೇ ಸಲ ಬಂದಾಗ, "ಬಿದ್ದಿದೆ ಅಲ್ವೇನಮ್ಮಾ?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ದೀಪಾವಳಿಗೆ ಮೊದಲು ಕೆಲಸ ಬಿಟ್ಟರು. ಅವರ ಕುರ್ಚಿ ನನಗೆ ಬಂತು.

ಆರು ತಿಂಗಳು ಅವರ ಮನೆಯ ಬೀದಿಯನ್ನು ತಪ್ಪಿಸಿಕೊಂಡು ಓಡಾಡಿದೆ. ಒಂದು ದಿನ ಸಂತೆಯಲ್ಲಿ ಜಯಮ್ಮನವರು ಸಿಕ್ಕರು. "ಮನೇಲಿ ಬೀರು ಕೀಲಿಕೈ ಎಲ್ಲಾ ನನ್ ಕೈಗೇ ಕೊಟ್ಬಿಟ್ಟವ್ರೆ ಕಣಮ್ಮ. ಮಾತ್ರೆ ತಗೊಂಡ್ನಾ ಇಲ್ವಾ ಅಂತ ದಿನಾ ಕೇಳ್ತಾರೆ. ತಗೊಂಡಿರ್ತಾರೆ. ಅಷ್ಟ್ ಜೋರಾಗಿದ್ದ ಮನುಷ್ಯ," ಎಂದು ಸೊಪ್ಪು ಆರಿಸುತ್ತಾ ಹೇಳಿದರು. ಆ ಭಾನುವಾರ ಹೋದೆ.

ಮಾಸ್ಟ್ರು ಜಗುಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು. ನೋಡೋನು ಹೇಗಿದ್ದಾನೆ, ಮಾಡೋನು ಹೇಗಿದ್ದಾನೆ ಎಂದು ನೆಂಟರನ್ನು ಕೇಳುವಂತೆ ಕೇಳಿದರು. ಕಾಫಿ ಬಂತು. ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಏಳು-ಏಳು-ಏಳು, ಚೀಟಿಯ ಪಾಸ್‌ವರ್ಡ್, ಬೆಳಿಗ್ಗೆ ಬೇಗ ಬಂದದ್ದು, ಲಾಗ್ ಅಳಿಸಿದ್ದು, 'ಅದೊಂದೇ' ಎಂದದ್ದು. ಹೇಳುವಾಗ ಅಳು ಬಂತು, ಅಳುತ್ತಲೇ ಹೇಳಿದೆ.

ಅವರು ಪೂರ್ತಿ ಕೇಳಿದರು. ಆಮೇಲೆ ನಕ್ಕರು.

"ಜಯಮ್ಮ ಕಳ್ಸಿದ್ಲಾ ನಿನ್ನ?"

"ಇಲ್ಲ ಮಾಸ್ಟ್ರೇ, ದೇವರಾಣೆಗೂ ನಾನೇ..."

"ಇರ್ಲಿ ಬಿಡಮ್ಮ. ಮುದುಕ ಕೊರಗ್ತಾನೆ ಅಂತ ನನ್ ತಪ್ಪನ್ನ ನಿನ್ ತಲೆ ಮೇಲ್ ಹಾಕ್ಕೊಳಕ್ ಬಂದಿದೀಯ. ಅಷ್ಟು ಒಳ್ಳೇ ಮನಸ್ಸು ನಿಂದು. ನೀನು ಏಳು-ಏಳು-ಏಳು ಹಾಕಿದ್ರೆ ಮಾಡೋನು ಬರೆದಿಡ್ತಿದ್ನಲ್ಲ? ಕೆಲ್ಸ ಬಿಡೋ ಮುಂಚೆ ಆ ಲಾಗ್ ಫೈಲನ್ನ ನಾಲ್ಕು ಸಲ ಓದ್ದೆ ಕಣಮ್ಮ. ಅದ್ರಲ್ಲಿ ಏನೂ ಇರ್ಲಿಲ್ಲ."

"ಅದನ್ನೇ ಅಳಿಸಿದ್ದು ಮಾಸ್ಟ್ರೇ."

"ಅಳಿಸೋ ಹುಡುಗಿ ಅಲ್ಲ ನೀನು," ಎಂದರು. ಸತ್ಯ ಹೇಳಿದ್ದಕ್ಕೆ ಸಾಕ್ಷಿ ಬೇಕಿತ್ತು, ಸಾಕ್ಷಿಯನ್ನು ನಾನೇ ಇಲ್ಲವಾಗಿಸಿದ್ದೆ.

ಬೇರೇನೂ ತೋಚದೆ, ಜಯಮ್ಮನವರ ಸೀರೆ ತೆಗೆಯೋಣ, ನೀವು ಚುಕ್ಕೆ ಓದಿ, ನಾನು ಒತ್ತುತ್ತೇನೆ, ದಿನಾ ಸಂಜೆ ಬರುತ್ತೇನೆ ಎಂದೆ. ಒಂದು ಕ್ಷಣ ಅವರ ಬೆರಳು ತೊಡೆಯ ಮೇಲೆ ಆಡಿತು. ನಿಂತುಹೋಯಿತು.

"ನನ್ ಓದು ನಂಬ್ಕೊಂಡು ನೀನು ಒತ್ತಬೇಡಮ್ಮ," ಎಂದರು.

ಹೊರಡುವಾಗ ಗೇಟಿನ ತನಕ ಬಂದರು. ನಾನು ಬೀದಿಗೆ ಇಳಿದ ಮೇಲೆ ಒಳಗಿನಿಂದ ಚಿಲಕ ಹಾಕಿದರು, ಟಣ್ ಎಂದು ಬಿದ್ದ ಶಬ್ದ ನನಗೇ ಕೇಳಿಸಿತು. ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಕರೆದರು.

"ಚೈತ್ರಮ್ಮಾ, ಚಿಲಕ ಬಿದ್ದಿದೆಯಾ, ಸ್ವಲ್ಪ ನೋಡಿ ಹೇಳ್ತೀಯಾ?"

ವಾಪಸ್ ಬಂದು ಗೇಟನ್ನು ಜಗ್ಗಿ ನೋಡಿದೆ.

"ಬಿದ್ದಿದೆ ಮಾಸ್ಟ್ರೇ."

"ಹಂಗಾದ್ರೆ ಸರಿ. ನೀನ್ ಹೇಳಿದ್ ಮೇಲೆ ಮುಗೀತು," ಎಂದು ನೆಮ್ಮದಿಯಿಂದ ಒಳಗೆ ಹೋದರು. ಅವರನ್ನು ನಾನು ಕಂಡದ್ದು ಅದೇ ಕೊನೆ.